ವೇಷ: ಹಾಕಿದ್ದು, ಕಟ್ಟಿದ್ದು, ಹೊರಿಸಿದ್ದು

‘ಅವನದೆಲ್ಲ ಬರೀ ವೇಷ’ ಎಂದರೆ ಒಬ್ಬ ಮನುಷ್ಯನ ಮಾನ ಹೋಯಿತು. ‘ಈ ಸಲ ಮೇಳದಲ್ಲಿ ಅವರ ವೇಷ ನೋಡಲೇಬೇಕು’ ಎಂದರೆ ಇನ್ನೊಬ್ಬರ ಮಾನ ಏರಿತು. ಬೈಗುಳಕ್ಕೂ ಹೊಗಳಿಕೆಗೂ ಒಂದೇ ಪದ ಸಾಕಾಗುವುದು ಅಪರೂಪ. ಒಂದು ಕಡೆ ವೇಷ ಸುಳ್ಳಿನ ಹೊದಿಕೆ, ಇನ್ನೊಂದು ಕಡೆ ವರ್ಷಗಟ್ಟಲೆ ದುಡಿದು ದಕ್ಕಿಸಿಕೊಂಡ ವಿದ್ಯೆ. ಕನ್ನಡ ಈ ಎರಡರಲ್ಲಿ ಒಂದನ್ನೂ ಬಿಟ್ಟುಕೊಟ್ಟಿಲ್ಲ.

ಈ ಪದದ ಜಾಡು ಹಿಡಿಯಲು ಕಾರಣ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬರೋಡದಲ್ಲಿ ಶಿಲ್ಪಕಲೆ ಓದಿ, ಸುಟ್ಟ ಮಣ್ಣಿನ ಶಿಲ್ಪಗಳಿಂದ ಹೆಸರಾದವರು. 1990ರ ದಶಕದ ನಡುವಿನಿಂದ ಅವರು ಕ್ಯಾಮೆರಾದ ಮುಂದೆ ತಾವೇ ನಿಂತರು. ಫೋಟೋ, ಸಿನಿಮಾ, ಪ್ರದರ್ಶನ, ಬರಹ, ಶಿಲ್ಪ ಎಲ್ಲವೂ ಅವರ ಕೆಲಸದಲ್ಲಿ ಬೆರೆತಿವೆ. ನಮ್ಮ ತಲೆಯಲ್ಲಿ ಆಗಲೇ ಕೂತುಬಿಟ್ಟಿರುವ ಚಿತ್ರಗಳನ್ನು, ಅಂದರೆ ರವಿವರ್ಮನ ಲಕ್ಷ್ಮಿ, ಕ್ಯಾಲೆಂಡರಿನ ಭಾರತಮಾತೆ, ಬ್ರಿಟಿಷರು ಅಳತೆಗೆ ನಿಲ್ಲಿಸಿದ ಬುಡಕಟ್ಟಿನ ಹೆಂಗಸು, ದಡಕ್ಕಿಳಿದ ವಾಸ್ಕೊ ಡ ಗಾಮ, ಇವನ್ನು ಅವರು ತಮ್ಮ ಮೈಮೇಲೆ ಮತ್ತೆ ಕಟ್ಟುತ್ತಾರೆ. ಕಲಾವಿಮರ್ಶೆ ಇದನ್ನು ‘ಫೋಟೋ ಪರ್ಫಾರ್ಮೆನ್ಸ್’ ಎನ್ನುತ್ತದೆ. ನನಗೆ ವೇಷ ಎಂಬ ಪದವೇ ಇನ್ನೂ ನಿಖರ ಅನ್ನಿಸುತ್ತದೆ. ಅದಕ್ಕೆ ಕಾರಣ ಪದದ ಚರಿತ್ರೆಯಲ್ಲೇ ಇದೆ.

ವೇಷ ಸಂಸ್ಕೃತದಿಂದ ಬಂದ ಪದ. ಅದರ ಮೂಲ ‘ವಿಷ್’ ಧಾತು: ಮಾಡು, ದುಡಿ, ಚಟುವಟಿಕೆಯಿಂದಿರು ಎಂಬುದು ಅದರ ಅರ್ಥ. ಯಜುರ್ವೇದದ ಬಳಕೆಯಲ್ಲಿ ವೇಷ ಎಂದರೆ ಕೆಲಸ, ಕಾರ್ಯ. ಉಡುಪು, ಅಲಂಕಾರ, ಹೊರರೂಪ ಎಂಬ ಅರ್ಥಗಳು ಮುಂದೆ ಬೆಳೆದುವು. ಇದರ ಪಕ್ಕದಲ್ಲೇ ಇನ್ನೊಂದು ಪದ ಓಡಾಡುತ್ತಿತ್ತು: ‘ವೇಶ’. ಅದು ‘ವಿಶ್’ ಧಾತುವಿನದು, ಅರ್ಥ ಒಳಹೊಗು. ಪ್ರವೇಶ, ಆವೇಶ, ಮನೆ ಎಂಬರ್ಥದ ವೇಶ್ಮ ಎಲ್ಲ ಆ ಕಡೆಯ ನಂಟರು. ಉಚ್ಚಾರ ಹತ್ತಿರವಾದ್ದರಿಂದ ಉಡುಪಿನ ಅರ್ಥದಲ್ಲಿ ಇವೆರಡೂ ಒಂದರ ಜಾಗದಲ್ಲೊಂದು ಬಂದು ಕೂತವು. ಹೀಗೆ ಕೆಲಸ ಮಾಡುವುದು, ಒಳಹೊಗುವುದು ಎಂಬ ಎರಡು ಕ್ರಿಯೆಗಳ ನೆನಪು ಈ ನಾಮಪದಕ್ಕೆ ಅಂಟಿಕೊಂಡಿದೆ.

ಅಮರಕೋಶ ವೇಷವನ್ನು ಆಕಲ್ಪ, ನೇಪಥ್ಯ, ಪ್ರಸಾಧನ ಎಂಬ ಪದಗಳ ಸಾಲಿನಲ್ಲಿ ಇಡುತ್ತದೆ. ಇಂದು ನಾವು ನೇಪಥ್ಯ ಎಂದರೆ ತೆರೆಯ ಹಿಂದಿನ ಜಾಗ ಎಂದುಕೊಳ್ಳುತ್ತೇವೆ. ಆಗ ಅದು ನಟನ ಉಡುಗೆ ತೊಡುಗೆಯೂ ಹೌದು. ನಾಟ್ಯಶಾಸ್ತ್ರ ಆಹಾರ್ಯಾಭಿನಯವನ್ನು ವಿವರಿಸುವಾಗ ನೇಪಥ್ಯದಲ್ಲಿ ನಾಲ್ಕು ಬಗೆ ಹೇಳುತ್ತದೆ: ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ. ಪುಸ್ತ ಎಂದರೆ ಬಿದಿರು, ಬಟ್ಟೆ, ಚರ್ಮಗಳಿಂದ ರಥ, ಬೆಟ್ಟ, ವಿಮಾನಗಳ ಮಾದರಿ ಕಟ್ಟುವುದು. ಅಲಂಕಾರ ಎಂದರೆ ಒಡವೆ, ಹೂವು, ಉಡುಪು. ಅಂಗರಚನೆ ಮೈಬಣ್ಣ. ಸಂಜೀವ ಎಂದರೆ ರಂಗದ ಮೇಲೆ ತರುವ ಜೀವಿಗಳು. ಶಿಲ್ಪಿಯೊಬ್ಬರು ವೇಷದ ಕಡೆ ಹೊರಳಿದ್ದನ್ನು ಮಾಧ್ಯಮ ಬದಲಾವಣೆ ಎಂದು ಈಗ ಹೇಳುತ್ತೇವೆ. ಈ ಹಳೆಯ ಪಟ್ಟಿಯ ಪ್ರಕಾರ ಪುಷ್ಪಮಾಲಾ ಒಂದೇ ಮನೆಯೊಳಗೆ ಕೋಣೆ ಬದಲಿಸಿದ್ದಾರೆ, ಅಷ್ಟೆ.

ಕನ್ನಡಕ್ಕೆ ಬಂದ ಮೇಲೆ ಪದ ಹಲವು ಬಾಯಿಗಳಲ್ಲಿ ಪಳಗಿತು. ಹಳ್ಳಿಗಳಲ್ಲಿ ಯೇಸ, ಯಾಸ ಆಯಿತು; ತುಳುವಿನಲ್ಲಿ ಹುಲಿವೇಷ ‘ಪಿಲಿಯೇಸ’ವಾಯಿತು. ಹನ್ನೆರಡನೆಯ ಶತಮಾನದಲ್ಲಿ ಅದು ನೈತಿಕ ಪ್ರಶ್ನೆಯಾಯಿತು. ಮೈಮೇಲೆ ಲಾಂಛನ ಧರಿಸಿ ಒಳಗೆ ಬೇರೆಯೇ ಆಗಿರುವವರನ್ನು ಶರಣರು ಕಠಿಣವಾಗಿ ಪ್ರಶ್ನಿಸಿದರು. ‘ವೇಷಧಾರಿ’ ಎಂಬುದು ಬೈಗುಳವಾಗಿ ಮೊನಚಾಗಿದ್ದರಲ್ಲಿ ಆ ಪ್ರಶ್ನೆಯ ಪಾಲು ದೊಡ್ಡದು. ಅದೇ ಶರಣರ ನಡುವೆ ಬಹುರೂಪಿ ಚೌಡಯ್ಯನಿದ್ದ. ಬಗೆಬಗೆಯ ರೂಪ ಕಟ್ಟಿ ಆಡಿ ತೋರಿಸುವುದೇ ಅವನ ಕಾಯಕ. ‘ರೇಕಣ್ಣಪ್ರಿಯ ನಾಗಿನಾಥ’ ಎಂಬ ಅಂಕಿತದಲ್ಲಿ ಅವನ ವಚನಗಳು ಉಳಿದಿವೆ. ವೇಷವನ್ನು ಅನುಮಾನಿಸಿದ ಚಳವಳಿಯೇ ವೇಷವನ್ನು ಬದುಕಾಗಿಸಿಕೊಂಡವನನ್ನು ತನ್ನವನೆಂದು ಒಪ್ಪಿತು. ಚೌಡಯ್ಯ ಬಹುರೂಪಿ ಎಂಬುದು ಅವನ ಹೆಸರಿನಲ್ಲೇ ಇತ್ತು. ತಾನು ಆಡುತ್ತಿರುವುದು ರೂಪವೆಂದು ಅವನು ಯಾರಿಂದಲೂ ಮುಚ್ಚಿಡಲಿಲ್ಲ. ಶರಣರ ಸಿಟ್ಟು ಇದ್ದದ್ದು ಮುಚ್ಚಿಡುವುದರ ಮೇಲೆ.

ಆಡುಮಾತಿನ ಜಾಣ್ಮೆ ಈ ವ್ಯತ್ಯಾಸವನ್ನು ಕ್ರಿಯಾಪದಗಳಲ್ಲಿ ಹಿಡಿದಿಟ್ಟಿದೆ. ವೇಷ ಹಾಕುತ್ತಾರೆ, ವೇಷ ಕಟ್ಟುತ್ತಾರೆ, ವೇಷ ತೊಡಿಸುತ್ತಾರೆ, ವೇಷ ಮರೆಸಿಕೊಳ್ಳುತ್ತಾರೆ, ವೇಷ ಕಳಚುತ್ತಾರೆ. ‘ವೇಷ ಮರೆಸಿಕೊಂಡು ತಿರುಗಿದ’ ಎಂದರೆ ವೇಷವಿದೆ ಎಂಬುದನ್ನೇ ಅಡಗಿಸಿದ ಎಂದರ್ಥ. ‘ವೇಷ ಕಟ್ಟಿದ’ ಎಂದರೆ ಎಲ್ಲರೂ ನೋಡಲೆಂದು ಒಂದು ರೂಪವನ್ನು ಶ್ರಮದಿಂದ ನಿರ್ಮಿಸಿದ ಎಂದರ್ಥ. ನಾಮಪದ ಅಲುಗದೆ ನಿಂತಿದೆ. ಒಳಿತು ಕೆಡುಕುಗಳನ್ನು ನಿರ್ಧರಿಸುವುದು ಕ್ರಿಯಾಪದ.

ಕರಾವಳಿ ಮಲೆನಾಡುಗಳ ಯಕ್ಷಗಾನ ಈ ‘ಕಟ್ಟುವ’ ಅರ್ಥವನ್ನು ಅದರ ತುದಿಗೇ ಒಯ್ದಿತು. ಅಲ್ಲಿ ವೇಷ ಎಂದರೆ ಉಡುಪು ಮಾತ್ರವಲ್ಲ. ಪಾತ್ರವೂ ವೇಷ, ಪಾತ್ರಧಾರಿಯ ದರ್ಜೆಯೂ ವೇಷ. ಎರಡನೇ ವೇಷ, ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ ಎಂಬ ಮಾತುಗಳಲ್ಲಿ ಕಲಾವಿದನ ಇಡೀ ವೃತ್ತಿಜೀವನ ಅಡಗಿರುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಗಂಟೆಗಟ್ಟಲೆ ಕೂತು, ಅಕ್ಕಿಹಿಟ್ಟು ಸುಣ್ಣದ ಮಿಶ್ರಣದಿಂದ ಮುಖದ ಮೇಲೆ ಚುಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಇಡುತ್ತಾನೆ. ಪಂಚವಟಿ ಪ್ರಸಂಗದ ಶೂರ್ಪನಖಿಯನ್ನು ನೆನೆಯಿರಿ. ಘೋರ ಶೂರ್ಪನಖಿ ಹೆಣ್ಣುಬಣ್ಣದ ವೇಷ. ರಾಮನನ್ನು ಮೋಹಿಸಲು ಅವಳು ತಳೆಯುವ ಮಾಯಾ ಶೂರ್ಪನಖಿ ಸ್ತ್ರೀವೇಷ. ಒಂದೇ ಪಾತ್ರಕ್ಕೆ ಇಬ್ಬರು ಕಲಾವಿದರು. ‘ರಾಕ್ಷಸಿ’, ‘ಸುಂದರಿ’ ಎಂಬ ಎರಡೂ ಕಟ್ಟಿದ ರೂಪಗಳೇ ಎಂಬುದನ್ನು ಬಯಲಿನಲ್ಲಿ ಕೂತ ಪ್ರೇಕ್ಷಕರು ಒಂದೇ ರಾತ್ರಿಯಲ್ಲಿ ಕಂಡುಬಿಡುತ್ತಾರೆ. ಪುಷ್ಪಮಾಲಾ 2012ರ ‘ಆವೇಗ’ ಸರಣಿಯಲ್ಲಿ ಕೈಕೇಯಿ, ಸೀತೆ, ಶೂರ್ಪನಖಿಯರನ್ನು ಆರಿಸಿಕೊಂಡಾಗ ಅವರು ಹೋದದ್ದು ಇದೇ ದಿಕ್ಕಿಗೆ. ಕಥೆಯನ್ನು ನಡೆಸುವ ಮೂವರು ಹೆಂಗಸರಿಗೆ ಪರಂಪರೆ ಕೊಟ್ಟ ಮುಖಗಳನ್ನು ಅವರು ಮತ್ತೆ ಬಿಡಿಸಿ ನೋಡಿದರು.

ಬಳ್ಳಾರಿ ಕಡೆಯ, ಉತ್ತರ ಕರ್ನಾಟಕದ ಹಗಲುವೇಷದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಯಕ್ಷಗಾನಕ್ಕೆ ರಾತ್ರಿಯ ರಕ್ಷಣೆಯಿದೆ, ರಂಗಸ್ಥಳವಿದೆ, ದೀಪವಿದೆ. ಹಗಲುವೇಷಕ್ಕೆ ಅದಾವುದೂ ಇಲ್ಲ. ಹಾರ್ಮೋನಿಯಂ ತಬಲಾ ಹೊತ್ತು, ಉರಿಬಿಸಿಲಲ್ಲಿ ರಾಮನೋ ರಾವಣನೋ ಆಗಿ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಬೆವರಿಗೆ ಬಣ್ಣ ಕರಗುವುದು ಎಲ್ಲರಿಗೂ ಕಾಣುತ್ತದೆ. ಕಂಡರೂ ಆಟ ಕೆಡುವುದಿಲ್ಲ.

ಈ ಹಗಲು ಪುಷ್ಪಮಾಲಾ ಅವರ ಚಿತ್ರಗಳಲ್ಲೂ ಇದೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಅವರ ಬಹುದೊಡ್ಡ ಕೆಲಸ. ಅದರಲ್ಲಿ ರವಿವರ್ಮನ ಲಕ್ಷ್ಮಿಯಿದ್ದಾಳೆ, ಅವನದೇ ಬೆಳದಿಂಗಳ ಹೆಂಗಸಿದ್ದಾಳೆ, ಆದಿಲ್‌ಶಾಹಿ ಬಿಜಾಪುರದ ಚಿತ್ರಕಾರ ಬರೆದ ಯೋಗಿನಿಯಿದ್ದಾಳೆ, ವೇಲಾಂಕಣ್ಣಿ ಮಾತೆಯಿದ್ದಾಳೆ, ಪೊಲೀಸರು ಹಿಡಿದು ಪತ್ರಿಕೆಗೆ ಫೋಟೋ ತೆಗೆಸಿದ ಹೆಂಗಸರಿದ್ದಾರೆ, ನೀಲಗಿರಿಯ ತೋಡ ಹೆಂಗಸಿದ್ದಾಳೆ. ಎಲ್ಲರೂ ಪುಷ್ಪಮಾಲಾ ಅವರೇ. ದೇವಿ, ಸುಂದರಿ, ಅಪರಾಧಿ, ಬುಡಕಟ್ಟಿನವಳು ಎಂದು ನಾವು ಬೇರೆ ಬೇರೆ ಗೂಡುಗಳಲ್ಲಿ ಇಟ್ಟವರೆಲ್ಲ ಒಂದೇ ಮುಖ ಹೊತ್ತು ಸಾಲಾಗಿ ನಿಂತಾಗ, ಮುಖಕ್ಕಿಂತ ಗೂಡುಗಳೇ ಎದ್ದು ಕಾಣುತ್ತವೆ. ಸರಣಿಯ ಒಂದು ಭಾಗ ಚಿತ್ರ ತಯಾರಾದ ಬಗೆಯನ್ನೇ ತೋರಿಸುತ್ತದೆ. ಚೌಕಿಯ ಬಾಗಿಲು ಅಲ್ಲಿ ತೆರೆದೇ ಇದೆ.

ತೋಡ ಹೆಂಗಸಿನ ಹಿಂದೆ ಕಪ್ಪು ಬಿಳುಪು ಚೌಕಗಳ ಪರದೆಯಿದೆ. ಅದರ ಕಥೆ ಹೇಳಬೇಕು. 1869ರಲ್ಲಿ ಜಾನ್ ಲ್ಯಾಂಪ್ರೆ ಎಂಬಾತ ಮರದ ಚೌಕಟ್ಟಿಗೆ ಎರಡೆರಡು ಇಂಚಿಗೆ ರೇಷ್ಮೆ ದಾರ ಕಟ್ಟಿ, ಅದರ ಮುಂದೆ ಬತ್ತಲೆ ಮೈಯವರನ್ನು ನಿಲ್ಲಿಸಿ ಫೋಟೋ ತೆಗೆದರೆ ಜನಾಂಗಗಳ ದೇಹವನ್ನು ಹೋಲಿಸಬಹುದು ಎಂದು ಸೂಚಿಸಿದ. 1890ರ ದಶಕದಲ್ಲಿ ಎಂ.ವಿ. ಪೋರ್ಟ್‌ಮನ್ ಅಂಡಮಾನಿನ ಆದಿವಾಸಿಗಳನ್ನು ಚೌಕುಳಿ ಹಿನ್ನೆಲೆಯ ಮುಂದೆ ನಿಲ್ಲಿಸಿದ. ಅದಕ್ಕೂ ಮುಂಚೆ, 1868ರಿಂದ 1875ರವರೆಗೆ, ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳು ನಮ್ಮ ಜಾತಿ ಬುಡಕಟ್ಟುಗಳನ್ನು ಫೋಟೋಗಳ ಪಟ್ಟಿಯಾಗಿಸಿದ್ದವು. ಮದ್ರಾಸಿನ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಮೂಗು ತಲೆಗಳನ್ನು ಅಳೆಯುತ್ತ ತಿರುಗಿ 1909ರಲ್ಲಿ ಏಳು ಸಂಪುಟ ಹೊರತಂದ. ದಾರ, ಚೌಕ, ಅಳತೆಗೋಲು ಎಲ್ಲ ಸೇರಿ ಈ ಚಿತ್ರಗಳಿಗೆ ವಿಜ್ಞಾನದ ಗಾಂಭೀರ್ಯ ಕೊಟ್ಟವು. ಕನ್ನಡದ ಕ್ರಿಯಾಪದದಲ್ಲಿ ಹೇಳಿದರೆ, ಇದು ವೇಷ ಹೊರಿಸಿ, ಹೊರಿಸಿದ್ದನ್ನು ಮರೆಸಿದ ಕೆಲಸ. ‘ತೋಡ ಹೆಂಗಸು’ ಎಂಬ ಮಾದರಿಯನ್ನು ಅಳೆಯುವವನೇ ಕಟ್ಟಿ, ಅದನ್ನು ಒಬ್ಬ ಜೀವಂತ ಹೆಂಗಸಿನ ಮೇಲೆ ಹೊರಿಸಿ, ಸಹಜ ಸತ್ಯವೆಂದು ಅಚ್ಚು ಹಾಕಿದ.

ಈ ಬಗೆಯ ಪುಸ್ತಕಗಳ ಪೂರ್ವಜನೊಬ್ಬ ಮೈಸೂರು ಸೀಮೆಯಲ್ಲೇ ಬಾಳಿದವನು. ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರ ನಡುವೆ ಕೆಲಸ ಮಾಡಿದ. ಹಿಂದೂಗಳ ನಡೆನುಡಿ, ಆಚಾರಗಳ ಬಗ್ಗೆ ಅವನು ಬರೆದದ್ದನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದು ಬಹುಕಾಲ ಆಧಾರಗ್ರಂಥವಾಗಿ ಉಳಿಯಿತು. ಆ ಬರಹಕ್ಕೆ ಅವನಿಗಿಂತ ಹಿಂದಿನ ಜೆಸ್ಯೂಟ್ ಪಾದ್ರಿ ಕೇರ್ದೂ ಬರೆದಿಟ್ಟದ್ದೇ ಬಹುಪಾಲು ಆಧಾರವೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆ ತೋರಿಸಿದೆ. ದುಬಾಯಿ ಇಲ್ಲಿನವರಂತೆಯೇ ಉಟ್ಟು, ಇಲ್ಲಿನವರ ಊಟ ಮಾಡಿ, ಇಲ್ಲಿನವರ ನಡುವೆ ಬೆರೆತ. ವೇಷ ಹಾಕಿಕೊಂಡು ಒಳಹೊಕ್ಕವನ ಪುಸ್ತಕ ಆಳುವವರ ಕೈಪಿಡಿಯಾಯಿತು. ವೇಷದಿಂದ ಸಿಗುವ ಅರಿವು ತಾನಾಗಿಯೇ ಯಾರನ್ನೂ ನ್ಯಾಯವಂತರನ್ನಾಗಿ ಮಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇಲ್ಲೊಂದು ಪ್ರಶ್ನೆಯನ್ನು ತಪ್ಪಿಸುವಂತಿಲ್ಲ. ನಗರದ ಕಲಾವಿದೆಯೊಬ್ಬರು ತೋಡ ಹೆಂಗಸಿನ ವೇಷ ಕಟ್ಟುವುದು ಸರಿಯೇ? ಈ ಪ್ರಶ್ನೆಗೆ ಕರಾವಳಿಯಲ್ಲಿ ನೋವಿನ ಚರಿತ್ರೆಯಿದೆ. ಹಬ್ಬದ ದಿನಗಳಲ್ಲಿ ಮೈಗೆ ಮಸಿ ಬಳಿದು, ಮುಟ್ಟಾಳೆ ಇಟ್ಟು ‘ಕೊರಗ ವೇಷ’ ಹಾಕಿ ಕುಣಿಯುವ ರೂಢಿ ಅಲ್ಲಿತ್ತು. ನೋಡುವವರಿಗೆ ಅದು ವಿನೋದ. ಅಲ್ಲಿನ ಆದಿವಾಸಿಗಳಾದ ಕೊರಗರಿಗೆ ಅದು ತಮ್ಮ ಬದುಕಿನ ಅಣಕ. ಅವರೇ ಎದ್ದು ವಿರೋಧಿಸಿದರು. ಅವರ ಮೇಲೆ ಹೇರಿದ್ದ, ಅವರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು 2000ದಲ್ಲಿ ಬಂತು. 2022ರಲ್ಲಿ ದೈವಾರಾಧನೆಯನ್ನು ತೆರೆಗೆ ತಂದ ‘ಕಾಂತಾರ’ ಸಿನಿಮಾ ಬಂದ ಮೇಲೆ ಇನ್ನೊಂದು ಎಚ್ಚರದ ಮಾತು ಕೇಳಿಸಿತು: ದೈವದ ವೇಷ ಹಾಕಬೇಡಿ. ತುಳುನಾಡಿನಲ್ಲಿ ದೈವ ಕಟ್ಟುವುದು ಆವೇಶದ ಕ್ಷೇತ್ರ, ಆರಾಧನೆಯ ಕ್ಷೇತ್ರ. ಅದನ್ನು ವೇಷ ಎಂದು ಕರೆದು ಬೀದಿಗೆ ತಂದರೆ ಅಲ್ಲಿನವರಿಗೆ ಗಾಯವಾಗುತ್ತದೆ. ಯಾವುದು ವೇಷ, ಯಾವುದು ವೇಷವಲ್ಲ ಎಂದು ಹೇಳುವ ಹಕ್ಕು ಆ ರೂಪ ಯಾರದೋ ಅವರಿಗೆ ಸೇರಿದ್ದು.

ಕೊರಗ ವೇಷದ ಗುರಿ ಕೊರಗ ಮನುಷ್ಯನೇ ಆಗಿದ್ದ. ಪುಷ್ಪಮಾಲಾ ಕಟ್ಟುವುದು ತೋಡ ಹೆಂಗಸನ್ನಲ್ಲ. ಅವಳ ಮೇಲೆ ಹೊರಿಸಿದ ಫೋಟೋವನ್ನು. ಚೌಕುಳಿ ಪರದೆ, ಅಳತೆಯ ಉಪಕರಣ, ಕಣ್ಣು ಕೀಲಿಸಿದ ಭಂಗಿ, ಇವೇ ಅವರ ವಸ್ತು. ಅಳೆಯುವ ಕಣ್ಣಿನ ಮುಂದೆ ತಮ್ಮ ಮೈಯನ್ನು ನಿಲ್ಲಿಸಿದಾಗ ನೋಡುಗರ ಗಮನ ಅಳೆಯಿಸಿಕೊಂಡವಳಿಂದ ಅಳೆದವನ ಕಡೆ ಹೊರಳುತ್ತದೆ. ಈ ವ್ಯತ್ಯಾಸ ತೆಳುವಾದ್ದು, ಜಾರಿದರೆ ಅಣಕವಾಗುವಂಥದ್ದು. ಆದ್ದರಿಂದಲೇ ಇಂಥ ಕಲೆಯನ್ನು ನೋಡುವಾಗ ಪ್ರತಿ ಸಲವೂ ಆ ಪ್ರಶ್ನೆ ಕೇಳಬೇಕು. ಉತ್ತರ ಗೊತ್ತಿದೆಯೆಂದು ಕೇಳುವುದನ್ನು ಬಿಡಬಾರದು.

ಆಳಿದವರ ವೇಷ ಕಟ್ಟುವಾಗ ಈ ಅಳುಕು ಬೇಕಿಲ್ಲ. 2014ರ ಕೊಚ್ಚಿ ಬಿನಾಲೆಯಲ್ಲಿ ಪುಷ್ಪಮಾಲಾ ಸ್ವತಃ ವಾಸ್ಕೊ ಡ ಗಾಮ ಆದರು. ಅವರು ಎತ್ತಿಕೊಂಡ ಮೂಲ, ಪೋರ್ಚುಗಲ್‌ನ ಜೋಸೆ ವೆಲೋಸೊ ಸಲ್ಗಾಡೊ 1898ರಲ್ಲಿ ಬರೆದ ತೈಲಚಿತ್ರ: ಕಲ್ಲಿಕೋಟೆಯ ದೊರೆ ಸಾಮೂದಿರಿಯ ಮುಂದೆ ಎದೆ ಸೆಟೆಸಿ ನಿಂತ ಗಾಮ. ಆ ವರ್ಷ ಗಾಮ ಬಂದು 400 ವರ್ಷ ತುಂಬಿತ್ತು. 1890ರಲ್ಲಿ ಆಫ್ರಿಕದ ನೆಲದ ವಿಷಯವಾಗಿ ಬ್ರಿಟನ್ ಕೊಟ್ಟ ಅಂತಿಮ ಎಚ್ಚರಿಕೆಗೆ ಮಣಿದು ಪೋರ್ಚುಗಲ್ ಅವಮಾನಗೊಂಡಿತ್ತು. ಕುಗ್ಗಿದ ದೇಶಕ್ಕೆ ಹಳೆಯ ವೀರನೊಬ್ಬ ಬೇಕಾಗಿದ್ದ, ಚಿತ್ರಕಾರ ಅವನಿಗೆ ಆ ವೇಷ ತೊಡಿಸಿದ. ಗಾಮನ ಮೊದಲ ಯಾನದ ದಿನಚರಿ ಹೇಳುವುದು ಬೇರೆಯೇ. ಅವನು ಸಾಮೂದಿರಿಗೆಂದು ತೆಗೆದಿಟ್ಟ ಕಾಣಿಕೆ ಪಟ್ಟೆಬಟ್ಟೆ, ಟೋಪಿ, ಹವಳದ ಸರ, ಕೈತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ, ಜೇನು. ಅದನ್ನು ಕಂಡ ಅಲ್ಲಿನ ಅಧಿಕಾರಿಗಳು ನಕ್ಕರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು. ಆ ನಗು ತೈಲಚಿತ್ರದಲ್ಲಿಲ್ಲ. ಶತಮಾನಗಳ ಕಾಲ ಗಂಡಸರು ಸ್ತ್ರೀವೇಷ ಕಟ್ಟಿದ ರಂಗಪರಂಪರೆಯ ನೆಲದಲ್ಲಿ, ಕನ್ನಡದ ಹೆಂಗಸೊಬ್ಬರು ಗಡ್ಡ ಅಂಟಿಸಿಕೊಂಡು ಗಾಮನಾಗಿ ಕೊಚ್ಚಿಯಲ್ಲಿ ನಿಂತಾಗ, ಚಿತ್ರಕಾರ ತೊಡಿಸಿದ ವೀರತನದ ಹೊಲಿಗೆ ಕಣ್ಣಿಗೆ ಬೀಳುತ್ತದೆ.

ನಮ್ಮದೇ ಗೌರವದ ಚಿತ್ರಗಳನ್ನೂ ಅವರು ಈ ಪರೀಕ್ಷೆಯಿಂದ ಹೊರಗಿಟ್ಟಿಲ್ಲ. ಭಾರತಮಾತೆಗೆ ಆದಿಯಿಂದಲೂ ಒಂದೇ ಮುಖವಿತ್ತು ಎಂದು ನಾವು ನಂಬುತ್ತೇವೆ. 1905ರಲ್ಲಿ ಅವನೀಂದ್ರನಾಥ ಟ್ಯಾಗೋರ್ ಬರೆದ ತಾಯಿ ಕಾವಿಯುಟ್ಟ ತಪಸ್ವಿನಿ. ನಾಲ್ಕು ಕೈಗಳಲ್ಲಿ ಪುಸ್ತಕ, ತೆನೆ, ಬಟ್ಟೆ, ಜಪಮಾಲೆ. ಕ್ಯಾಲೆಂಡರುಗಳಲ್ಲಿ ಅವಳಿಗೆ ಸಿಂಹ ಬಂತು, ಬಾವುಟ ಬಂತು, ಕಿರೀಟ ಬಂತು. ಪುಷ್ಪಮಾಲಾ ಆ ತಾಯಿಯನ್ನು ಹಲವು ರೂಪಗಳಲ್ಲಿ ಕಟ್ಟಿದ್ದಾರೆ. 2017ರ ಸೆಪ್ಟೆಂಬರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಕೊಲೆಯಾದ ಮೇಲೆ ಅವರು ಮಾಡಿದ ಪ್ರದರ್ಶನದ ಹೆಸರು ‘ಗೌರಿ ಲಂಕೇಶ್ಸ್ ಅರ್ಜೆಂಟ್ ಸಾರು’. ಗೆಳತಿಯ ಅಡುಗೆ ವಿಧಾನದಂತೆ ಸಾರು ಮಾಡುವುದೇ ಆ ಕೃತಿ. ಆಯುಧ, ಬಾವುಟಗಳನ್ನು ಹಿಡಿಸಿ ನಿಲ್ಲಿಸಿದ ತಾಯಿಯ ಚಿತ್ರಗಳ ಜೊತೆ ಇದನ್ನಿಟ್ಟು ನೋಡಿದರೆ, ಯಾವ ರೂಪ ಆರೈಕೆಯದು, ಯಾವ ರೂಪ ಅಧಿಕಾರದ್ದು ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಸಂಸ್ಥೆಗಳೂ ವೇಷಗಳೇ ಎಂದು ಅವರಿಗೆ ಗೊತ್ತು. ‘ಸೋಂಬೇರಿಕಟ್ಟೆ’ ಎಂಬ ಕನ್ನಡ ಹೆಸರಿಟ್ಟು ಅವರೇ ಒಂದು ಕಾಲ್ಪನಿಕ ಸಂಸ್ಥೆಯನ್ನು ಕಟ್ಟಿಕೊಂಡಿದ್ದಾರೆ.

ಈ ಪದಕ್ಕೆ ಇನ್ನೊಂದು ತಿರುವು ನಮ್ಮ ಶಾಲೆಗಳಲ್ಲಿ ಆಗಿದೆ. ಛದ್ಮ ಎಂದರೆ ಕಪಟ. ಛದ್ಮವೇಷ ಎಂದರೆ ಮೋಸಕ್ಕೆ ತೊಟ್ಟ ರೂಪ. ಆ ಪದ ಈಗ ಪುಟ್ಟ ಮಕ್ಕಳ ಸ್ಪರ್ಧೆಯ ಹೆಸರಾಗಿ ಕಪಟವನ್ನೆಲ್ಲ ಕಳೆದುಕೊಂಡಿದೆ. ನವೆಂಬರ್ ಬಂದರೆ ಊರೂರಲ್ಲಿ ಒನಕೆ ಹಿಡಿದ ಓಬವ್ವಂದಿರು, ಕತ್ತಿ ಹಿಡಿದ ಚೆನ್ನಮ್ಮಂದಿರು ವೇದಿಕೆ ಏರುತ್ತಾರೆ. ಚರಿತ್ರೆಯ ಮೊದಲ ಪಾಠ ಬಹಳ ಮಕ್ಕಳಿಗೆ ಸಿಗುವುದು ಹೀಗೆ, ಮೈಮೇಲೆ. ಅದು ಒಳ್ಳೆಯದೇ. ಓಬವ್ವನನ್ನು ಕಣ್ಣಾರೆ ಕಂಡು ಬರೆದ ಚಿತ್ರ ನಮ್ಮಲ್ಲಿಲ್ಲ. ಮಕ್ಕಳು ಕಟ್ಟುವ ಓಬವ್ವನ ಕಣ್ಣು, ಸೆರಗು, ಒನಕೆ ಎತ್ತುವ ಭಂಗಿಗಳಿಗೆ ಬಹುಮಟ್ಟಿಗೆ 1972ರ ‘ನಾಗರಹಾವು’ ಚಿತ್ರದ ಜಯಂತಿ ಅವರೇ ಮಾದರಿ. ಪುಟ್ಟಣ್ಣ ಕಣಗಾಲರ ಸಿನಿಮಾ, ತ.ರಾ.ಸು. ಅವರ ಕಾದಂಬರಿ, ಚಿತ್ರದುರ್ಗದ ಜನರ ನೆನಪು ಎಲ್ಲ ಸೇರಿ ಆ ರೂಪ ಕಟ್ಟಿವೆ.

ಮಗುವಿಗೆ ವೇಷ ಕಟ್ಟುವ ತಾಯ್ತಂದೆ, ಮೇಷ್ಟ್ರು, ಮೇಡಂ ಇದನ್ನೂ ಹೇಳಿಕೊಡಲಿ: ಈ ಸೀರೆ ಯಾರು ಆರಿಸಿದ್ದು, ಈ ಭಂಗಿ ಎಲ್ಲಿಂದ ಬಂತು, ಕೋಟೆ ಕಾಯುತ್ತಿದ್ದ ಕಹಳೆಯವನ ಹೆಂಡತಿ ಓಬವ್ವನ ಹೆಸರು ಉಳಿದ ಹಾಗೆ ಉಳಿಯದೆ ಹೋದ ಹೆಂಗಸರು ಎಷ್ಟು ಜನ. ಓಬವ್ವನ ಮೇಲಿನ ಪ್ರೀತಿ ಇದರಿಂದ ಎಳ್ಳಷ್ಟೂ ಕಡಿಮೆಯಾಗದು. ವೇಷವನ್ನು ಕಟ್ಟಲೂ ಬರಬೇಕು, ಅದು ಕಟ್ಟಿದ್ದೆಂದು ಗುರುತಿಸಲೂ ಬರಬೇಕು. ಈ ಎರಡನ್ನೂ ಕಲಿತ ಮಗು ಮುಂದೆ ಯಾರಾದರೂ ತನ್ನ ಮೇಲೆ ಒಂದು ವೇಷ ಹೊರಿಸಲು ಬಂದಾಗ ಅದನ್ನು ಹಿಡಿದು ಪ್ರಶ್ನಿಸಬಲ್ಲದು, ಬೇರೆಯವರ ಮೇಲೆ ಹೊರಿಸುವಾಗ ಕೈ ತಡೆದುಕೊಳ್ಳಬಲ್ಲದು.